ನಿಮ್ಮ ಮೆಸೇಜ್ ನಿಮ್ಮಿಬ್ಬರ ನಡುವೆಯೇ ಉಳಿಯಬೇಕೇ? ಈ ಕ್ರಮದಲ್ಲಿ ಮಾಡಿ

ಕಳೆದ ಕೆಲವು ತಿಂಗಳಲ್ಲಿ ನನ್ನ ಬಳಿ ಸಹಾಯ ಕೇಳಿ ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಎಡವಿದ್ದಾರೆ. ಆ್ಯಪ್ ಬದಲಿಸುತ್ತಾರೆ, ಚಾಟ್‌ನ ಮೇಲೆ ‘ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್’ (ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದಂತೆ ಬೀಗ ಹಾಕಿದ್ದು) ಎಂದು ಓದಿ ನೆಮ್ಮದಿಯಿಂದ ಮಲಗುತ್ತಾರೆ. ಆಮೇಲೂ ಮೆಸೇಜ್ ಸೋರುತ್ತದೆ. ಒಬ್ಬರ ಬಾಡಿಗೆ ಕರಾರಿನ ನಕಲು ಬ್ರೋಕರ್‌ಗಳ ಗ್ರೂಪಿಗೆ ಹೋಗಿತ್ತು. ಇನ್ನೊಬ್ಬರ ವೈದ್ಯಕೀಯ ವರದಿಯನ್ನು ಮನೆಯವರೆಲ್ಲ ಬಳಸುವ ಟ್ಯಾಬ್‌ನಲ್ಲಿ ಮಕ್ಕಳು ಓದಿದ್ದರು.

ನಾನು ನೋಡಿದ ಯಾವ ಪ್ರಸಂಗದಲ್ಲೂ ಯಾರೂ ಗೂಢಲಿಪಿಯನ್ನು ಒಡೆದಿರಲಿಲ್ಲ. ಬೀಗ ಹಾಕುವ ಮೊದಲೋ, ಬೀಗ ತೆಗೆದ ಮೇಲೋ ವಿಷಯ ಹೊರಗೆ ಹೋಗಿತ್ತು. ಅದಕ್ಕೇ ಕ್ರಮ ಮುಖ್ಯ. ಮೊದಲು ಎರಡು ತುದಿಗಳನ್ನು, ಅಂದರೆ ನಿಮ್ಮ ಫೋನ್ ಮತ್ತು ಅವರ ಫೋನ್ ಸರಿಮಾಡಿ. ನಡುವಿನ ದಾರಿಯ ಮಾತು ಆಮೇಲೆ. ಎಲ್ಲರೂ ಮಾಡುವುದು ಇದರ ಉಲ್ಟಾ.

ಬೇಕಾಗುವುದು ಇಷ್ಟು: ನಿಮ್ಮ ಫೋನ್, ಒಂದು ನೋಟ್‌ಬುಕ್ಕು ಪೆನ್ನು, ಹಾವು ಏಣಿ ಆಟದ ದಾಳ, ಫೈಲ್ ಕಳಿಸುವವರಿಗೆ ಲ್ಯಾಪ್‌ಟಾಪ್. ಜೊತೆಗೆ ನೀವು ಜಾಸ್ತಿ ಮಾತಾಡುವ ಒಬ್ಬರು. ಒಬ್ಬರೇ ಕೂತು ಮಾಡಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಇಟ್ಟುಕೊಳ್ಳಿ.

## ಶುರು ಮಾಡುವ ಮೊದಲು: ಬೀಗ ಮತ್ತು ಬೀಗದ ಕೈ

ಎನ್‌ಕ್ರಿಪ್ಶನ್ ಎಂದರೆ ಮಾತನ್ನು ಒಂದು ಲೆಕ್ಕದ ಪ್ರಕಾರ ಕಲಸಿಡುವುದು. ಕೀ ಇದ್ದವರು ಮಾತ್ರ ಅದನ್ನು ಮತ್ತೆ ಬಿಡಿಸಿ ಓದಬಹುದು.

ಒಂದು ಸಣ್ಣ ಪ್ರಯೋಗ ಮಾಡಿ. ಪ್ರತಿ ವ್ಯಂಜನವನ್ನೂ ವರ್ಣಮಾಲೆಯಲ್ಲಿ ಒಂದು ಅಕ್ಷರ ಮುಂದಕ್ಕೆ ಸರಿಸಿ. ಕ ಇದ್ದಲ್ಲಿ ಖ, ನ ಇದ್ದಲ್ಲಿ ಪ. ಕೊನೆಯ ಳ ಬಂದರೆ ಮತ್ತೆ ಮೊದಲ ಕ. ಸ್ವರಗಳು ಹಾಗೇ ಇರಲಿ. ಹಿಂದೊಮ್ಮೆ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಈಗ ‘ಪಾಕೆ ಭಾ’ ಆಗುತ್ತದೆ. ಇಲ್ಲಿ ಕೀ ಎಂದರೆ 1 ಎಂಬ ಅಂಕಿ.

ಓದಲು ಬರುವುದಿಲ್ಲ, ಸರಿ. ಆದರೆ ಕನ್ನಡದಲ್ಲಿ ವ್ಯಂಜನ ಇರುವುದು 34. ಹೆಚ್ಚೆಂದರೆ 33 ಸಲ ಬೇರೆ ಬೇರೆ ಅಂಕಿ ಇಟ್ಟು ನೋಡಿದರೆ ಗುಟ್ಟು ಬಯಲು. ಹೈಸ್ಕೂಲ್ ಹುಡುಗಿ ಊಟದ ಬಿಡುವಿನಲ್ಲಿ ಮಾಡಿ ಮುಗಿಸುತ್ತಾಳೆ. ಈಗಿನ ಆ್ಯಪ್‌ಗಳು ಬಳಸುವ ಎಇಎಸ್-256 ಪದ್ಧತಿಯಲ್ಲಿ ಇರಬಹುದಾದ ಕೀಗಳ ಸಂಖ್ಯೆಯನ್ನು ಬರೆಯಲು 78 ಅಂಕಿ ಬೇಕು. ಒಂದೊಂದೇ ಕೀ ಹಾಕಿ ನೋಡುವ ದಾರಿ ಅಲ್ಲಿಗೆ ಮುಚ್ಚಿತು. ಹಾಗಾಗಿ ಸ್ವಂತ ಗೂಢಲಿಪಿ ಕಟ್ಟಬೇಡಿ. ಮನೆಯಲ್ಲಿ ಮಾಡಿದ ಗುಪ್ತ ಭಾಷೆ ಆಟಕ್ಕೆ ಚೆನ್ನ, ಬ್ಯಾಂಕ್ ವಿವರಕ್ಕೆ ಬೇಡ.

ಒಂದು ಪ್ರಶ್ನೆ ಉಳಿಯುತ್ತದೆ. ಎಂದೂ ಎದುರು ಸಿಗದ ಇಬ್ಬರು ಕೀಯನ್ನು ಹಂಚಿಕೊಳ್ಳುವುದು ಹೇಗೆ? ದೇವಸ್ಥಾನದ ಹುಂಡಿ ನೆನಪಿಸಿಕೊಳ್ಳಿ. ಕಾಣಿಕೆಯನ್ನು ಯಾರು ಬೇಕಾದರೂ ಹಾಕಬಹುದು, ತೆಗೆಯುವುದು ಬೀಗದ ಕೈ ಇದ್ದವರಿಗೆ ಮಾತ್ರ ಸಾಧ್ಯ. ನಿಮ್ಮ ಫೋನ್ ಹೀಗೆ ಒಂದು ಜೋಡಿ ಮಾಡಿಕೊಳ್ಳುತ್ತದೆ. ಪಬ್ಲಿಕ್ ಕೀ ಎಲ್ಲರಿಗೂ ಕೊಡುವ ಹುಂಡಿ. ಪ್ರೈವೇಟ್ ಕೀ ಫೋನ್ ಬಿಟ್ಟು ಹೊರಗೆ ಹೋಗದ ಬೀಗದ ಕೈ. ಈ ಹುಂಡಿಯ ಮಾತು ಹಂತ 6ರಲ್ಲಿ ಮತ್ತೆ ಬರುತ್ತದೆ, ಮರೆಯಬೇಡಿ.

## ಹಂತ 1: ಫೋನಿನ ಬಾಗಿಲು

ಸ್ಕ್ರೀನ್ ಲಾಕನ್ನು 4 ಅಂಕಿಯಿಂದ 6 ಅಂಕಿಗೆ ಏರಿಸಿ. 4 ಅಂಕಿಗೆ 10,000 ಸಾಧ್ಯತೆ, 6 ಅಂಕಿಗೆ 10 ಲಕ್ಷ. ಮಕ್ಕಳ ಹುಟ್ಟಿದ ದಿನ, ಗಾಡಿ ನಂಬರ್ ಬೇಡ. ಈಗಿನ ಫೋನ್‌ಗಳು ಒಳಗಿರುವುದನ್ನೆಲ್ಲ ತಾವಾಗಿಯೇ ಎನ್‌ಕ್ರಿಪ್ಟ್ ಮಾಡಿ ಇಡುತ್ತವೆ. ಆದರೆ ಲಾಕ್ ಇಲ್ಲದ ಫೋನ್ ಕೈಗೆ ಸಿಕ್ಕವರಿಗೆ ಎಲ್ಲವೂ ತೆರೆದೇ ಇರುತ್ತದೆ.

ಮುಂದಿನದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಸಾಲುಗಳು ಕಾಣದಂತೆ ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ಬೆಳಿಗ್ಗೆ ಒಂಬತ್ತರ ನೇರಳೆ ಮಾರ್ಗದ ಮೆಟ್ರೊದಲ್ಲಿ ನಿಂತು ನೋಡಿ, ಪಕ್ಕದವರ ಒಟಿಪಿ ಓದಲು ಕಷ್ಟವೇ ಇಲ್ಲ.

ಫೋನ್ ರಿಪೇರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ಯುವವರಿಗೆ ಒಂದು ಮಾತು. ಬರೀ ಗಾಜು ಅಥವಾ ಬ್ಯಾಟರಿ ಬದಲಿಸಲು ನಿಮ್ಮ ಪಿನ್ ಬೇಕಾಗುವುದಿಲ್ಲ. ಪರೀಕ್ಷೆ ಮಾಡಬೇಕು ಎಂದರೆ ಎದುರಿಗೆ ನಿಂತು ನೀವೇ ತೆರೆದು ತೋರಿಸಿ. ಹಳೆಯ ಫೋನ್ ಮಾರುವುದಾದರೆ ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಿ. ಚಾಟ್ ಡಿಲೀಟ್ ಮಾಡಿದರೆ ಸಾಲದು.

## ಹಂತ 2: ನಂಬರ್ ನಿಮ್ಮದೇ ಆಗಿ ಉಳಿಯಲಿ

ವಾಟ್ಸ್ಆ್ಯಪ್, ಸಿಗ್ನಲ್ ಎಂಬ ಎರಡೂ ಮೆಸೇಜ್ ಆ್ಯಪ್‌ಗಳು ನಿಮ್ಮನ್ನು ಫೋನ್ ನಂಬರಿನಿಂದ ಗುರುತಿಸುತ್ತವೆ. ಆ ನಂಬರಿಗೆ ಬರುವ 6 ಅಂಕಿಯ ಕೋಡ್ ಯಾರಿಗೆ ಸಿಕ್ಕಿತೋ ಖಾತೆ ಅವರದು.

ವಾಟ್ಸ್ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟು ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ 6 ಅಂಕಿಯ ಪಿನ್ ಇಡಿ. ಅಲ್ಲೇ ಇಮೇಲ್ ಕೂಡ ಸೇರಿಸಿ. ಪಿನ್ ಮರೆತರೆ ಇಮೇಲ್ ಕೈಹಿಡಿಯುತ್ತದೆ. ಇಮೇಲ್ ಕೊಡದೆ ಪಿನ್ ಮರೆತವರು 7 ದಿನ ಕಾಯಬೇಕು. ಸಿಗ್ನಲ್‌ನಲ್ಲಿ ಈ ಪಿನ್ ಬೀಗಕ್ಕೆ ರಿಜಿಸ್ಟ್ರೇಶನ್ ಲಾಕ್ ಎನ್ನುತ್ತಾರೆ.

ಅಪಾಯದ ಗುರುತು: ಕೊರಿಯರ್‌ನವರು ಎಂದು ಹೇಳಿ ಒಬ್ಬರು ಕರೆ ಮಾಡುತ್ತಾರೆ. ಡೆಲಿವರಿ ಹುಡುಗನಿಗೆ ಫೋನ್ ಮಾಡಲು *401* ಒತ್ತಿ, ಅದರ ಮುಂದೆ ಈ ನಂಬರ್ ಒತ್ತಿ ಎನ್ನುತ್ತಾರೆ. ಅದು ಕಾಲ್ ಫಾರ್ವರ್ಡಿಂಗ್‌ನ ಕೋಡ್. ಒತ್ತಿದರೆ ನಿಮ್ಮ ಕರೆಗಳು ಅವರಿಗೆ ಹೋಗುತ್ತವೆ, ವಾಟ್ಸ್ಆ್ಯಪ್‌ನವರು ಕರೆ ಮಾಡಿ ಓದಿ ಹೇಳುವ 6 ಅಂಕಿಯ ಕೋಡ್ ಕೂಡ ಅವರಿಗೇ ಕೇಳುತ್ತದೆ. ಈಗಲೇ ಫೋನಿನ ಕಾಲ್ ಸೆಟ್ಟಿಂಗ್ಸ್ ತೆರೆದು ಕಾಲ್ ಫಾರ್ವರ್ಡಿಂಗ್‌ನಲ್ಲಿ ಪರಿಚಯವಿಲ್ಲದ ನಂಬರ್ ಇದೆಯೇ ನೋಡಿ. ಇದ್ದರೆ ತೆಗೆಯಿರಿ.

## ಹಂತ 3: ಎಲ್ಲೆಲ್ಲಿ ಲಾಗಿನ್ ಆಗಿದ್ದೀರಿ?

ಈ ಪಾಠವನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಮನೆ ಬದಲಿಸುವಾಗ ಬಾಡಿಗೆ ಕರಾರು ಪ್ರಿಂಟ್ ತೆಗೆಸಲು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಪೆನ್‌ಡ್ರೈವ್ ಇರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದು, ಕ್ಯೂಆರ್ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆಸಿ, ದುಡ್ಡು ಕೊಟ್ಟು ಬಂದೆ. ಹನ್ನೊಂದು ದಿನ ಆದ ಮೇಲೆ ಸುಮ್ನೆ ಸೆಟ್ಟಿಂಗ್ಸ್ ನೋಡುತ್ತಿದ್ದಾಗ ಗೊತ್ತಾಯಿತು, ಆ ಕಂಪ್ಯೂಟರ್ ಇನ್ನೂ ನನ್ನ ಖಾತೆಗೆ ಜೋಡಣೆಯಾಗಿಯೇ ಇತ್ತು. ಅಮ್ಮನ ಆಸ್ಪತ್ರೆ ವರದಿ, ಆಫೀಸಿನ ಜಗಳ, ಬ್ಯಾಂಕ್ ಚೆಕ್ಕಿನ ಫೋಟೊ, ಎಲ್ಲವೂ ಅಲ್ಲಿ ಕೂತವರಿಗೆ ಕಾಣುವಂತಿತ್ತು. ಯಾರಾದರೂ ನೋಡಿದರೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಎನ್‌ಕ್ರಿಪ್ಶನ್ ಇಲ್ಲಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ನಾನೇ ಆ ಕಂಪ್ಯೂಟರನ್ನು ಇನ್ನೊಂದು ತುದಿ ಮಾಡಿದ್ದೆ.

ಈಗ ನೀವು ಮಾಡಬೇಕಾದ್ದು: ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆಯಿರಿ. ಫೋನ್ ಅಲ್ಲದೆ ಇನ್ನೂ 4 ಸಾಧನಗಳನ್ನು ಜೋಡಿಸಲು ಅವಕಾಶವಿದೆ. ಪಟ್ಟಿಯಲ್ಲಿ ಒಂದೊಂದನ್ನೂ ಮುಟ್ಟಿ, ಕೊನೆಯದಾಗಿ ಯಾವಾಗ ಬಳಕೆಯಾಯಿತು ಎಂದು ನೋಡಿ. ಗುರುತು ಸಿಗದ್ದನ್ನು ಅಲ್ಲಿಂದಲೇ ಲಾಗ್ ಔಟ್ ಮಾಡಿ. ಅನುಮಾನ ಇದ್ದರೆ ಎಲ್ಲವನ್ನೂ ತೆಗೆದುಹಾಕಿ, ನಿಮ್ಮ ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಲು ಅರ್ಧ ನಿಮಿಷ ಸಾಕು. ಸಿಗ್ನಲ್ ಮತ್ತು ಟೆಲಿಗ್ರಾಂನಲ್ಲೂ ಇಂಥ ಪಟ್ಟಿ ಇದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಬ್ರೌಸರ್ ಕಿಟಕಿ ಮುಚ್ಚಿದರೆ ಲಾಗ್ ಔಟ್ ಆಯಿತು ಎಂದುಕೊಳ್ಳುವುದು. ಆಗುವುದಿಲ್ಲ. ಪ್ರಿಂಟ್ ಬೇಕಾದರೆ ಆ ಒಂದು ಫೈಲ್ ಮಾತ್ರ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಇಲ್ಲವೇ ಅಂಗಡಿಯವರ ಇಮೇಲಿಗೆ ಅದೊಂದನ್ನೇ ಕಳಿಸಿ, ಪ್ರಿಂಟ್ ಆದ ಮೇಲೆ ಅಳಿಸಲು ಹೇಳಿ ಎದುರಿಗೇ ಅಳಿಸಿಕೊಳ್ಳಿ.

## ಹಂತ 4: ಗಟ್ಟಿ ಪಾಸ್‌ವರ್ಡ್ ಮಾಡಿಕೊಳ್ಳುವುದು

ಮುಂದಿನ ಹಂತಗಳಿಗೆ ಪಾಸ್‌ವರ್ಡ್ ಬೇಕು, ಹಾಗಾಗಿ ಇದು ಈಗ.

ಡೌನ್‌ಲೋಡ್ ಮಾಡಿದ ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಏನು ಹೇಳಿ? ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. ಒಟ್ಟು 8 ಅಕ್ಷರ, ನೋಡಲು ಗಟ್ಟಿಯಾಗಿದೆ. ಆದರೆ ನಿಮ್ಮ ಹೆಸರು ಗೊತ್ತಿದ್ದವರಿಗೆ ಊಹಿಸಲು ಉಳಿಯುವುದು ವರ್ಷ ಮಾತ್ರ. ನೂರು ಪ್ರಯತ್ನದೊಳಗೆ ತೆರೆಯಬಹುದು. ವಯಸ್ಸು ಅಂದಾಜಿದ್ದರೆ ಹತ್ತೇ ಸಾಕು. ಉದ್ದ ಇದ್ದ ಮಾತ್ರಕ್ಕೆ ಗಟ್ಟಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗಾದೆ, ವಚನದ ಸಾಲು, ಸಿನಿಮಾ ಹಾಡು ಕೂಡ ಬೇಡ. ನಿಮಗೆ ನೆನಪಿರುವ ಸಾಲು ಬೇರೆಯವರಿಗೂ ನೆನಪಿರುತ್ತದೆ, ಅಲ್ವಾ?

ಮಾಡುವ ರೀತಿ ಹೀಗೆ. ಡೈಸ್‌ವೇರ್ ಎಂಬ ಪದಪಟ್ಟಿಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಪಟ್ಟಿಯಲ್ಲಿ 7,776 ಪದ ಇರುತ್ತದೆ, ಪ್ರತಿ ಪದಕ್ಕೂ 5 ಅಂಕಿಯ ಸಂಖ್ಯೆ. ದಾಳವನ್ನು 5 ಸಲ ಉರುಳಿಸಿ, ಬಂದ ಅಂಕಿಗಳನ್ನು ಸಾಲಾಗಿ ಬರೆದುಕೊಂಡು, ಆ ಸಂಖ್ಯೆಯ ಪದ ತೆಗೆದುಕೊಳ್ಳಿ. ಹೀಗೆ 6 ಪದ ಆಗಲಿ. ಇರಬಹುದಾದ ಜೋಡಣೆಗಳು 2ರ ಮುಂದೆ 23 ಸೊನ್ನೆ ಇಟ್ಟರೆ ಬರುವುದಕ್ಕಿಂತ ಜಾಸ್ತಿ.

ಬಂದ ಪದ ಇಷ್ಟವಾಗಲಿಲ್ಲ ಎಂದು ಮತ್ತೆ ಉರುಳಿಸಬೇಡಿ. ನಿಮ್ಮ ಇಷ್ಟ ಅದರೊಳಗೆ ಸೇರಿದಷ್ಟೂ ಊಹೆ ಸುಲಭವಾಗುತ್ತದೆ. ಆರು ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಪತ್ರ, ಚಿನ್ನ ಇಡುವ ಬೀರುವಿನಲ್ಲೇ ಇಡಿ. ಫೋಟೊ ತೆಗೆಯಬೇಡಿ. ಕಾಗದದಲ್ಲಿ ಬರೆದಿಡುವುದು ತಪ್ಪು ಎಂದು ಹಲವರು ನಂಬಿದ್ದಾರೆ. ಕಳ್ಳ ನಿಮ್ಮ ಬೀರುವಿನವರೆಗೆ ಬರಬೇಕು. ಇಂಟರ್‌ನೆಟ್‌ನಲ್ಲಿ ಕೂತವನಿಗೆ ಆ ತೊಂದರೆ ಇಲ್ಲ.

## ಹಂತ 5: ಬ್ಯಾಕಪ್, ಅತಿ ಹೆಚ್ಚು ಜನ ಎಡವುವ ಜಾಗ

ವಾಟ್ಸ್ಆ್ಯಪ್‌ನಲ್ಲಿ ಮೆಸೇಜುಗಳು ಎಲ್ಲರಿಗೂ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆದದ್ದು 2016ರಲ್ಲಿ. ಬ್ಯಾಕಪ್‌ಗೆ ಆ ಸೌಲಭ್ಯ ಬಂದದ್ದು 2021ರಲ್ಲಿ. ಅದನ್ನು ನೀವೇ ಕೈಯಾರೆ ಆನ್ ಮಾಡಬೇಕು. ಅಂದರೆ ದಾರಿಯುದ್ದಕ್ಕೂ ಬೀಗ ಹಾಕಿ ತಂದ ಮಾತು ನಿಮ್ಮ ಫೋನಿನಲ್ಲಿ ಬಿಚ್ಚಿ, ರಾತ್ರಿ ಎರಡು ಗಂಟೆಗೆ ಈ ಬೀಗ ಇಲ್ಲದೆಯೇ ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗಿ ಕೂರಬಹುದು. ನಿಮ್ಮ ಆ ಖಾತೆಯ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕರೆ ಚಾಟ್ ಕೂಡ ಅಪಾಯದಲ್ಲಿ.

ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅದರಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಬೀಗ ಹೇಗೆ ಹಾಕಬೇಕು ಎಂದು ಕೇಳಿದಾಗ ಪಾಸ್‌ವರ್ಡ್ ಆರಿಸಿ. ಹಂತ 4ರ ಆರು ಪದ ಇಲ್ಲಿ ಹಾಕಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ಈ ಪಾಸ್‌ವರ್ಡ್ ಮರೆತು ಫೋನೂ ಕಳೆದುಹೋದರೆ ಹಳೆಯ ಚಾಟ್ ಯಾರಿಂದಲೂ ಮರಳಿ ಬರುವುದಿಲ್ಲ. ಕಂಪನಿಯವರಿಂದಲೂ ಇಲ್ಲ. ತೀರಿಹೋದ ತಂದೆಯ ಧ್ವನಿ ಮೆಸೇಜುಗಳನ್ನು ಹೀಗೆ ಕಳೆದುಕೊಂಡವರು ನನ್ನೆದುರು ಕೂತು ಅತ್ತಿದ್ದಾರೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಹಾಳೆಯಲ್ಲಿ ಬರೆಯಿರಿ, ಆಮೇಲೆ ಆನ್ ಮಾಡಿ. ಬೇಕೇ ಬೇಕಾದ ಚಾಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆಯೂ ಇಡಿ.

ಇನ್ನೆರಡು ರಂಧ್ರಗಳಿವೆ. ಒಂದು, ಬಂದ ಫೋಟೊಗಳು ತಾವಾಗಿ ಗ್ಯಾಲರಿಗೆ ಇಳಿದು ಅಲ್ಲಿಂದ ಗೂಗಲ್ ಫೋಟೋಸ್‌ಗೆ ಹೋಗುವುದು. ಚಾಟ್ಸ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಎರಡು, ನಿಮ್ಮ ಜೊತೆ ಮಾತಾಡಿದವರ ಬ್ಯಾಕಪ್. ನೀವು ಬೀಗ ಹಾಕಿ ಅವರು ಹಾಕದಿದ್ದರೆ ಅದೇ ಮಾತು ಅವರ ಕಡೆಯಿಂದ ಹೊರಗೆ ಇರುತ್ತದೆ. ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದದ್ದು ಇದಕ್ಕೇ.

## ಹಂತ 6: ಹುಂಡಿ ಯಾರದು?

ಬೀದಿಯಲ್ಲಿ ಒಬ್ಬ ಹುಂಡಿ ಹಿಡಿದು ನಿಂತರೆ ಅದು ದೇವಸ್ಥಾನದ್ದೇ ಎಂದು ಹೇಗೆ ನಂಬುತ್ತೀರಿ? ಪಬ್ಲಿಕ್ ಕೀ ವಿಷಯದಲ್ಲೂ ಇದೇ ತೊಂದರೆ. ನಡುವೆ ಒಬ್ಬರು ತಮ್ಮ ಹುಂಡಿ ಇಟ್ಟರೆ ನೀವು ಭದ್ರವಾಗಿ ಬೀಗ ಹಾಕಿ ಅವರಿಗೇ ಕಳಿಸುತ್ತೀರಿ.

ಪರೀಕ್ಷೆ ಸುಲಭ. ವಾಟ್ಸ್ಆ್ಯಪ್‌ನಲ್ಲಿ ಚಾಟ್ ತೆರೆದು, ಮೇಲಿರುವ ಹೆಸರು ಮುಟ್ಟಿ, ಎನ್‌ಕ್ರಿಪ್ಶನ್ ಎಂಬಲ್ಲಿ ಹೋದರೆ ಒಂದು ಕ್ಯೂಆರ್ ಮತ್ತು 60 ಅಂಕಿ ಕಾಣುತ್ತದೆ. ಸಿಗ್ನಲ್‌ನಲ್ಲಿ ಇದರ ಹೆಸರು ಸೇಫ್ಟಿ ನಂಬರ್. ಎದುರಿಗೆ ಇದ್ದರೆ ಒಬ್ಬರ ಕ್ಯೂಆರ್ ಇನ್ನೊಬ್ಬರು ಸ್ಕ್ಯಾನ್ ಮಾಡಿ. ದೂರದ ಊರಿನಲ್ಲಿದ್ದರೆ ಮಾಮೂಲಿ ಕರೆ ಮಾಡಿ ಅಂಕಿಗಳನ್ನು ಐದೈದಾಗಿ ಓದಿಕೊಳ್ಳಿ. ಅದೇ ಚಾಟ್‌ನಲ್ಲಿ ಅಂಕಿ ಕಳಿಸಿ ‘ಸರಿಯಿದೆಯಾ?’ ಎಂದು ಕೇಳುವುದು ವ್ಯರ್ಥ. ನಡುವೆ ಇರುವವನೇ ‘ಸರಿಯಿದೆ’ ಎನ್ನುತ್ತಾನೆ.

ಎಲ್ಲರ ಜೊತೆ ಮಾಡಬೇಕಿಲ್ಲ. ಮನೆಯವರು, ಹಣದ ವ್ಯವಹಾರ ಇರುವವರು, ವಕೀಲರು, ಇಷ್ಟು ಸಾಕು. ಅಕೌಂಟ್‌ನಲ್ಲಿ ಸೆಕ್ಯುರಿಟಿ ನೋಟಿಫಿಕೇಶನ್ಸ್ ಆನ್ ಮಾಡಿಡಿ. ಯಾರದಾದರೂ ಕೋಡ್ ಬದಲಾದರೆ ಚಾಟ್‌ನಲ್ಲೇ ಒಂದು ಸಾಲು ಬರುತ್ತದೆ. ಬಹಳ ಸಲ ಅವರು ಹೊಸ ಫೋನ್ ತೆಗೆದುಕೊಂಡಿರುತ್ತಾರೆ ಅಷ್ಟೆ, ಗಾಬರಿ ಬೇಡ. ಆದರೆ ಕೋಡ್ ಬದಲಾದ ಸ್ವಲ್ಪ ಹೊತ್ತಿಗೇ ಅವರು ಹಣ ಕೇಳಿದರೆ ಅಲ್ಲೇ ನಿಲ್ಲಿ. ಕರೆ ಮಾಡಿ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಏನನ್ನಾದರೂ ಕೇಳಿ.

## ಹಂತ 7: ದಾಖಲೆ ಕಳಿಸುವ ರೀತಿ

ಮನೆ ಬಾಡಿಗೆಗೆ, ಪಿಜಿಗೆ, ಕೆಲಸಕ್ಕೆ ಎಂದು ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಯಾರಾದರೂ ಆಧಾರ್ ಕೇಳುತ್ತಾರೆ. ಮೊದಲು ಮಾಸ್ಕ್ಡ್ ಆಧಾರ್ ಸಾಕೇ ಎಂದು ಕೇಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಆಧಾರ್ ಜಾಲತಾಣದಲ್ಲೇ ಸಿಗುತ್ತದೆ. ಕಳಿಸದೆ ಇದ್ದ ವಿಷಯ ಸೋರುವುದಿಲ್ಲ.

ಆಸ್ತಿ ಪತ್ರ, ಸಂಬಳದ ಚೀಟಿ, ವೈದ್ಯಕೀಯ ವರದಿಯಂಥದ್ದನ್ನು ಇಮೇಲಿನಲ್ಲಿ ಕಳಿಸಲೇಬೇಕಾದರೆ ಲ್ಯಾಪ್‌ಟಾಪ್‌ನಲ್ಲಿ ಸೆವೆನ್ ಜಿಪ್ ಹಾಕಿಕೊಳ್ಳಿ. ಫೈಲ್‌ಗಳನ್ನು ಒಂದೇ ಕಟ್ಟು (ಆರ್ಕೈವ್) ಮಾಡಿ ಪಾಸ್‌ವರ್ಡ್ ಹಾಕುವ ತಂತ್ರಾಂಶ ಅದು, ಉಚಿತ.

1. ಫೈಲ್‌ಗಳನ್ನು ಒಂದು ಫೋಲ್ಡರಿಗೆ ಹಾಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಸೆವೆನ್ ಜಿಪ್‌ನಲ್ಲಿ ಆರ್ಕೈವ್‌ಗೆ ಸೇರಿಸುವ ಆಯ್ಕೆ ಒತ್ತಿ.
2. ಆರ್ಕೈವ್ ಫಾರ್ಮ್ಯಾಟ್‌ನಲ್ಲಿ 7ಜೆಡ್ ಆರಿಸಿ. ಜಿಪ್ ಆರಿಸಿದರೆ ಜಿಪ್‌ಕ್ರಿಪ್ಟೊ ಎಂಬ ಹಳೆಯ, ದುರ್ಬಲ ಪದ್ಧತಿ ಬರಬಹುದು. 7ಜೆಡ್‌ನಲ್ಲಿ ಎಇಎಸ್-256 ಇರುತ್ತದೆ.
3. ಹೊಸದಾಗಿ ದಾಳ ಉರುಳಿಸಿ ಮಾಡಿದ ಪಾಸ್‌ವರ್ಡ್ ಹಾಕಿ. ಬ್ಯಾಕಪ್‌ನದ್ದನ್ನೇ ಇಲ್ಲಿ ಹಾಕಬೇಡಿ.
4. ಎನ್‌ಕ್ರಿಪ್ಟ್ ಫೈಲ್ ನೇಮ್ಸ್ ಎಂಬುದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಒಳಗಿನ ಹೆಸರುಗಳು ಕಾಣುತ್ತವೆ. ‘ವಿಚ್ಛೇದನ ಅರ್ಜಿ’ ಎಂಬ ಹೆಸರೇ ಎಲ್ಲ ಹೇಳಿಬಿಡುತ್ತದೆ.
5. ಕಳಿಸುವ ಮೊದಲು ನೀವೇ ಒಮ್ಮೆ ತೆರೆದು ನೋಡಿ.

ಇಷ್ಟೆಲ್ಲ ಮಾಡಿ ಅದೇ ಇಮೇಲಿನ ಕೆಳಗೆ ಪಾಸ್‌ವರ್ಡ್ ಬರೆಯುವವರು ಬಹಳ ಜನ. ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ. ಫೈಲ್ ಇಮೇಲಿನಲ್ಲಿ ಹೋದರೆ ಪಾಸ್‌ವರ್ಡ್ ಕರೆ ಮಾಡಿ ಹೇಳಿ, ಅಥವಾ ಹಂತ 6ರಲ್ಲಿ ಪರೀಕ್ಷಿಸಿದ ಚಾಟ್‌ನಲ್ಲಿ ಕಳಿಸಿ. ಮಾಮೂಲಿ ಎಸ್ಎಂಎಸ್ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಅಲ್ಲಿ ಬೇಡ. ಟೆಲಿಗ್ರಾಂ ಬಳಸುವವರೂ ನೆನಪಿಡಿ: ಅಲ್ಲಿ ಸೀಕ್ರೆಟ್ ಚಾಟ್ ಎಂದು ಬೇರೆ ತೆರೆದರೆ ಮಾತ್ರ ಈ ಬೀಗ, ಸಾಮಾನ್ಯ ಚಾಟ್‌ಗೂ ಗ್ರೂಪಿಗೂ ಇಲ್ಲ.

## ಹಂತ 8: ಬೀಗಕ್ಕೆ ಆಗದ ಕೆಲಸ

ಎನ್‌ಕ್ರಿಪ್ಶನ್ ಮಾತನ್ನು ಮುಚ್ಚುತ್ತದೆ. ಯಾರು ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡಿದರು ಎಂಬುದು ಸೇವೆ ಕೊಡುವವರಿಗೆ ತಿಳಿಯಬಹುದು. ಇಮೇಲಿನಲ್ಲಂತೂ ಯಾರಿಂದ, ಯಾರಿಗೆ ಎನ್ನುವುದು ಬಯಲಲ್ಲೇ ಇರುತ್ತದೆ.

ಓದಿದವರು ಸ್ಕ್ರೀನ್‌ಶಾಟ್ ತೆಗೆದರೆ ಯಾವ ಲೆಕ್ಕವೂ ತಡೆಯಲಾರದು. ವಾಟ್ಸ್ಆ್ಯಪ್‌ನಲ್ಲಿ ಡಿಸಪಿಯರಿಂಗ್ ಮೆಸೇಜಸ್ ಹಾಕಿಕೊಂಡರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮೆಸೇಜ್ ತಾನಾಗಿ ಹೋಗುತ್ತದೆ. ಫೋನ್ ಕಳೆದಾಗ ಇದು ದೊಡ್ಡ ಉಪಕಾರ. ನಂಬಿಕೆ ಇಲ್ಲದವರ ಎದುರು ಇದರಿಂದ ಪ್ರಯೋಜನವಿಲ್ಲ.

## ಕೆಟ್ಟದ್ದು ಆಗಿಹೋದರೆ

ಕೇಳದೆ ಬಂದ 6 ಅಂಕಿಯ ಕೋಡ್, ನೀವು ಕಳಿಸದ ಮೆಸೇಜ್, ಲಿಂಕ್ಡ್ ಡಿವೈಸಸ್‌ನಲ್ಲಿ ಹೊಸ ಹೆಸರು, ಇದ್ದಕ್ಕಿದ್ದಂತೆ ನೆಟ್‌ವರ್ಕ್ ಪೂರ್ತಿ ಹೋದ ಸಿಮ್. ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನಬೇಡಿ. ಬರೀ ಕೋಡ್ ಬಂದಿದ್ದರೆ ಯಾರಿಗೂ ಹೇಳಬೇಡಿ, ಪಿನ್ ಇದೆಯೇ ಎಂದು ನೋಡಿಕೊಳ್ಳಿ. ಉಳಿದವಕ್ಕೆ ಈ ಕ್ರಮ:

ಸಿಮ್ ಸತ್ತಿದ್ದರೆ ಬೇರೆ ಫೋನಿನಿಂದ ಮೊಬೈಲ್ ಕಂಪನಿಗೆ ಕರೆ ಮಾಡಿ, ನಿಮ್ಮ ನಂಬರಿಗೆ ಬೇರೆ ಸಿಮ್ ಕೊಟ್ಟಿದ್ದಾರೆಯೇ ಕೇಳಿ, ತಡೆಹಿಡಿಸಿ. ಸಿಮ್ ಸರಿಯಿದ್ದರೆ ಕಾಲ್ ಫಾರ್ವರ್ಡಿಂಗ್ ತೆಗೆಯಿರಿ. ವಾಟ್ಸ್ಆ್ಯಪ್ ಇನ್ನೂ ತೆರೆಯುತ್ತಿದ್ದರೆ ಜೋಡಣೆಯಾದ ಎಲ್ಲ ಸಾಧನಗಳನ್ನೂ ಲಾಗ್ ಔಟ್ ಮಾಡಿ, ಪಿನ್ ಬದಲಿಸಿ. ಹೊರಗೆ ತಳ್ಳಿದ್ದರೆ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಣಿ ಮಾಡಿ. ಎಸ್ಎಂಎಸ್‌ನಲ್ಲಿ ಬಂದ ಕೋಡ್ ಹಾಕಿದ ತಕ್ಷಣ ಇನ್ನೊಬ್ಬರ ಫೋನಿನಿಂದ ನಿಮ್ಮ ಖಾತೆ ಕಳಚುತ್ತದೆ. ನಿಮಗೆ ಗೊತ್ತಿಲ್ಲದ ಪಿನ್ ಕೇಳಿದರೂ ಗಾಬರಿಯಾಗಬೇಡಿ, 7 ದಿನ ಕಾದ ಮೇಲೆ ಪಿನ್ ಇಲ್ಲದೆ ಒಳಗೆ ಬರಬಹುದು. ಅಷ್ಟರಲ್ಲಿ ಅವರೂ ಹೊರಗೇ ಇರುತ್ತಾರೆ.

ಆಮೇಲೆ ಮನೆಯವರಿಗೆ, ಸ್ನೇಹಿತರಿಗೆ ಕರೆ ಮಾಡಿ ಹೇಳಿ. ವಯಸ್ಸಾದವರಿಗೆ ಮೊದಲು, ಏಕೆಂದರೆ ನಿಮ್ಮ ಹೆಸರಿನಲ್ಲಿ ಹಣ ಕೇಳಿದರೆ ಹಿಂದೆಮುಂದೆ ನೋಡದೆ ಕಳಿಸುವವರು ಅವರೇ. ಹಣ ಹೋಗಿದ್ದರೆ ಇದೆಲ್ಲ ಪಕ್ಕಕ್ಕಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಬೇಕು, ಅಲ್ಲಿ ಪ್ರತಿ ನಿಮಿಷವೂ ಲೆಕ್ಕ. ವಹಿವಾಟಿನ ನಂಬರ್, ಸಮಯ, ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಂಡೇ ಮಾತಾಡಿ, ಆ ಚಾಟನ್ನು ಸಿಟ್ಟಿನಲ್ಲಿ ಅಳಿಸಬೇಡಿ.